ಹೊರಗಿನ ಗಿರಾಕಿ ಎಲ್ಲಿ?

ಭಾನುವಾರ ಬೆಳಗ್ಗೆ ಗಾಂಧಿನಗರ, ಮೆಜೆಸ್ಟಿಕ್ ಕಡೆಯ ಹೋಟೆಲುಗಳ ಪಾರ್ಟಿ ಹಾಲ್‌ಗಳಲ್ಲಿ ಎರಡು ಬಗೆಯ ಸಭೆ ನಡೆಯುತ್ತವೆ. ಒಂದರಲ್ಲಿ ಮೇಜಿನ ಮೇಲೆ ಸೋಪು, ಪ್ರೋಟೀನ್ ಪುಡಿ, ಟೂತ್‌ಪೇಸ್ಟು ಜೋಡಿಸಿರುತ್ತಾರೆ. ಇನ್ನೊಂದರಲ್ಲಿ ಮೇಜು ಖಾಲಿ, ಕಾಲರ್ ಮೈಕ್ ಹಾಕಿಕೊಂಡ ಒಬ್ಬರು ಅತ್ತಿಂದಿತ್ತ ಓಡಾಡುತ್ತಿರುತ್ತಾರೆ. ಮೊದಲನೆಯದು ಚೈನ್ ಬಿಸಿನೆಸ್, ಎರಡನೆಯದು ಲೈಫ್ ಕೋಚಿಂಗ್. ಜನ ಇವೆರಡನ್ನೂ ಬೇರೆ ಬೇರೆ ಎಂದುಕೊಳ್ಳುತ್ತಾರೆ. ಲೆಕ್ಕದ ಪುಸ್ತಕ ಬಿಚ್ಚಿದರೆ ದುಡ್ಡು ಬರುವ ದಾರಿ ಒಂದೇ: ಮಾರಿ ಸಂಪಾದಿಸಬೇಕೆಂದು ಬಂದವನೇ ಅಲ್ಲಿ ಗಿರಾಕಿ.

ಮೊದಲು ಚೈನ್ ಲೆಕ್ಕ. "ನೀವು ಬರೀ ಐದು ಜನರನ್ನು ಸೇರಿಸಿ, ಅವರು ಐದೈದು ಜನರನ್ನು ಸೇರಿಸುತ್ತಾರೆ" ಎಂದು ಬಿಳಿ ಹಲಗೆಯ ಮೇಲೆ ವೃತ್ತ ಬರೆಯುತ್ತಾರಲ್ಲ, ಆ ವೃತ್ತಗಳು ಸಾಮಾನ್ಯವಾಗಿ ಮೂರನೆಯ ಸಾಲಿಗೆ ನಿಲ್ಲುತ್ತವೆ. ಮುಂದುವರಿಸಿ ನೋಡಿ. ಹತ್ತನೆಯ ಸಾಲಿನಲ್ಲೇ 97,65,625 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551. ಹನ್ನೊಂದನೆಯ ಸಾಲಿಗೆ ಬಂದಾಗ ಮೇಲಿಂದ ಕೆಳಗಿನವರೆಗಿನ ಒಟ್ಟು ಮೊತ್ತ 6,10,35,156. ಅದೇ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಅಂದರೆ ತೊಟ್ಟಿಲಿನ ಕೂಸನ್ನೂ ಬಿಡದೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರನ್ನೂ ಸೇರಿಸಿದ ಹಾಗೆ.

ಇದಕ್ಕೆ ಅಪ್‌ಲೈನ್ (ನಿಮ್ಮನ್ನು ಸೇರಿಸಿದ ಮೇಲಿನವರು) ಬಳಿ ಉತ್ತರ ಸಿದ್ಧವಿರುತ್ತದೆ: "ಅಲ್ಲೀತನಕ ಯಾರು ಹೋಗ್ತಾರೆ ಸಾರ್, ನಿಮಗೆ ನಾಲ್ಕು ಲೆವೆಲ್ ಆದ್ರೆ ಸಾಕು." ಇಲ್ಲೇ ನೋಡಬೇಕಾದ ವಿಷಯ ಇರುವುದು. ಯಾವ ಸಾಲಿನಲ್ಲಿ ನಿಲ್ಲಿಸಿದರೂ ಐವರಲ್ಲಿ ನಾಲ್ವರು ಕಟ್ಟಕಡೆಯ ಸಾಲಿನವರು. ಅವರ ಕೆಳಗೆ ಯಾರೂ ಇಲ್ಲ. ಅದರ ಮೇಲಿನ ಸಾಲನ್ನೂ ಸೇರಿಸಿಕೊಂಡರೆ ನೂರಕ್ಕೆ 96 ಜನರ ಕೆಳಗೆ ಒಂದೋ ಸೊನ್ನೆ, ಇಲ್ಲವೇ ಐದು ಜನ. ಎಲ್ಲರೂ ಬೆವರು ಸುರಿಸಿ ದುಡಿದರೂ, ಎಲ್ಲರ ಮೈಂಡ್‌ಸೆಟ್ ಚಿನ್ನದಂತಿದ್ದರೂ ಈ 96 ಬದಲಾಗುವುದಿಲ್ಲ. ಸೋತವನಿಗೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಂಗಿಸುವುದು ಸುಲಭ. ಇಲ್ಲಿ ನೆಲ ನಿಜವಾಗಿಯೂ ಡೊಂಕು.

ಇತ್ತೀಚಿನ ಪ್ಲಾನ್‌ಗಳು ಹೆಚ್ಚಾಗಿ ಬೈನರಿ. ನಿಮ್ಮ ಕೆಳಗೆ ಎಡಕ್ಕೊಂದು ಲೆಗ್ (ಜನರ ಸಾಲು), ಬಲಕ್ಕೊಂದು ಲೆಗ್. ಎರಡೂ ಕಡೆಯ ಖರೀದಿಗೆ ಸಮವಾಗಿ ಅಂಕ ಬಿದ್ದಾಗಷ್ಟೇ ಪೇರ್ (ಜೋಡಿ) ಆಗಿ ಕಮಿಷನ್ ಹುಟ್ಟುತ್ತದೆ. ಎಡಕ್ಕೆ 40 ಐಡಿ (ಸದಸ್ಯತ್ವ), ಬಲಕ್ಕೆ 3 ಐಡಿ ಇದ್ದರೆ ಕಮಿಷನ್ ಮೂರೇ ಜೋಡಿಗೆ. ಉಳಿದ 37 ಕ್ಯಾರಿ ಫಾರ್ವರ್ಡ್ (ಮುಂದಕ್ಕೆ ಉಳಿಕೆ) ಎಂದು ತೋರಿಸುತ್ತಾರೆ, ಆದರೆ ತಿಂಗಳ ಖರೀದಿ ತಪ್ಪಿದರೆ ಆ ಅಂಕವೆಲ್ಲ ಫ್ಲಶ್ ಆಗುವ, ಅಂದರೆ ಅಳಿಸಿಹೋಗುವ ಷರತ್ತು ಎಷ್ಟೋ ಪ್ಲಾನ್‌ಗಳ ಸಣ್ಣ ಅಕ್ಷರದಲ್ಲಿರುತ್ತದೆ. ಬೆಳೆಯುತ್ತಿರುವ ಲೆಗ್ ಸಾಮಾನ್ಯವಾಗಿ ಅಪ್‌ಲೈನ್ ತನ್ನ ಜನರನ್ನು ತುಂಬಿಸಿದ್ದು. ಅದನ್ನು ತೋರಿಸಿ "ನಿಮಗೆ ಒಂದು ಕಡೆ ಆಗಲೇ ರೆಡಿ ಇದೆ" ಎಂದು ಮೂಗಿಗೆ ತುಪ್ಪ ಸವರುತ್ತಾರೆ. ಸೊರಗಿದ ಲೆಗ್ ಕಟ್ಟುವ ಹೊಣೆ ನಿಮ್ಮದು. ಅದು ತುಂಬದಿದ್ದಾಗ ಜನ ಮಾಡುವ ಮೊದಲ ಕೆಲಸ ಹೆಂಡತಿಯ ಹೆಸರಲ್ಲಿ, ಅಮ್ಮನ ಹೆಸರಲ್ಲಿ ಇನ್ನೊಂದು ಐಡಿ ಹಾಕಿಸುವುದು. ಕಮಿಷನ್ ಬಂದಂತೆ ಕಾಣುತ್ತದೆ, ಬಂದದ್ದು ಮನೆಯದೇ ದುಡ್ಡಿನ ಒಂದು ಚೂರು.

ಖರ್ಚನ್ನು ಬರೆದಿಡುವವರು ಕಡಿಮೆ. ಉದಾಹರಣೆಗೆ ಐಡಿ ಆಕ್ಟಿವ್ ಆಗಿ ಕಮಿಷನ್ ಬರುತ್ತಿರಲು ತಿಂಗಳಿಗೆ 3,000 ರೂ. ಖರೀದಿ ಎಂದಿಟ್ಟುಕೊಳ್ಳಿ. ಅದೇ ಬಗೆಯ ಸಾಮಾನು ಪಕ್ಕದ ಅಂಗಡಿಯಲ್ಲಿ 1,200ಕ್ಕೆ ಸಿಗುವುದಾದರೆ, ಎಲ್ಲವನ್ನೂ ಮನೆಯಲ್ಲೇ ಬಳಸಿದರೂ 1,800 ನಷ್ಟ. ಮೀಟಿಂಗ್ ಟಿಕೆಟ್, ಪೆಟ್ರೋಲು, ಪ್ರಾಸ್ಪೆಕ್ಟ್‌ಗೆ (ಸೇರಿಸಲು ನೋಡುತ್ತಿರುವವರಿಗೆ) ಕುಡಿಸಿದ ಕಾಫಿ ಸೇರಿ ಇನ್ನೊಂದು ಸಾವಿರ. ವರ್ಷಕ್ಕೆ 33,600. ಇದನ್ನು ದಾಟಿದ ಮೇಲೆ ಬಂದದ್ದು ಸಂಪಾದನೆ. ಅಮೆರಿಕದ ವ್ಯಾಪಾರ ನಿಯಂತ್ರಕ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 70 ಎಂಎಲ್‌ಎಂ (ಇದೇ ಚೈನ್ ಬಗೆಯ) ಕಂಪನಿಗಳು ತಾವೇ ಪ್ರಕಟಿಸಿದ ಆದಾಯ ವಿವರಗಳನ್ನು ತೆಗೆದು ನೋಡಿತು. ಹೆಚ್ಚಿನವರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ. ಅದೂ ಖರ್ಚು ಕಳೆಯದ ಲೆಕ್ಕ.

ಪ್ಲಾನ್ ತೋರಿಸಲು ಬಂದವರ ಫೋನಿನಲ್ಲಿ ಚೆಕ್ಕಿನ ಫೋಟೋ, ಬ್ಯಾಂಕ್ ಮೆಸೇಜಿನ ಸ್ಕ್ರೀನ್‌ಶಾಟ್ ಇದ್ದೇ ಇರುತ್ತದೆ. ಅದರ ಬದಲು ಫಾರ್ಮ್ 26ಎಎಸ್ ಕೇಳಿ, ಅಂದರೆ ಅವರ ಹೆಸರಲ್ಲಿ ಕಡಿತವಾದ ಆದಾಯ ತೆರಿಗೆಯ ವಿವರ. ಕಮಿಷನ್ ಮೇಲೆ ಕಂಪನಿ ಟಿಡಿಎಸ್ ಕಡಿದಿದ್ದರೆ ಅದು ಅಲ್ಲಿ ಕಂಪನಿಯ ಹೆಸರಿನ ಸಮೇತ ದಾಖಲಾಗಿರುತ್ತದೆ. ಜೊತೆಗೆ ಅದೇ ವರ್ಷದ ಖರೀದಿ ಬಿಲ್ಲುಗಳ ಮೊತ್ತವನ್ನೂ ಕೇಳಿ. ಮಾತು ಅಲ್ಲಿಗೆ ಬೇರೆ ಕಡೆ ತಿರುಗುತ್ತದೆ.

ಚೈನ್‌ಗೆ ಸೇರದೆ ಸಾಮಾನಿಗಾಗಿಯೇ ಕೊಳ್ಳುವ ಹೊರಗಿನ ಗಿರಾಕಿ ಎಲ್ಲಿ ಎಂಬ ಪ್ರಶ್ನೆ ನಿಯಂತ್ರಕರು ದಶಕಗಳಿಂದ ಕೇಳುತ್ತಿರುವುದೇ. 1979ರಲ್ಲಿ ಅದೇ ಫೆಡರಲ್ ಟ್ರೇಡ್ ಕಮಿಷನ್, ಆಮ್ವೇ ಕಂಪನಿ ಪಿರಮಿಡ್ (ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಯೋಜನೆ) ಅಲ್ಲ ಎಂದು ತೀರ್ಮಾನಿಸುವಾಗ ಕಂಪನಿಯ ಮೂರು ನಿಯಮಗಳನ್ನು ಗಣನೆಗೆ ತೆಗೆದುಕೊಂಡಿತ್ತು: ಉಳಿದ ಮಾಲು ವಾಪಸ್ ಕೊಳ್ಳುವುದು, ಕೊಂಡದ್ದರಲ್ಲಿ ಶೇ. 70ರಷ್ಟು ಮಾರಿರಬೇಕು, ತಿಂಗಳಿಗೆ ಹತ್ತು ಗಿರಾಕಿಗಳಿಗಾದರೂ ಮಾರಿರಬೇಕು. 2016ರಲ್ಲಿ ಹರ್ಬಲೈಫ್ ಎಂಬ ಎಂಎಲ್‌ಎಂ ಕಂಪನಿ ಆ ಸಂಸ್ಥೆಯ ಜೊತೆ 20 ಕೋಟಿ ಡಾಲರ್ ಕೊಟ್ಟು ರಾಜಿಯಾದಾಗಲೂ ಮುಖ್ಯ ಷರತ್ತು ಕಮಿಷನ್ನನ್ನು ನಿಜವಾದ ಚಿಲ್ಲರೆ ಮಾರಾಟಕ್ಕೆ ಕಟ್ಟಿಹಾಕುವುದೇ ಆಗಿತ್ತು.

ನಮ್ಮಲ್ಲಿ 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಇದೆ. ಸದಸ್ಯರನ್ನು ಸೇರಿಸಿದ್ದಕ್ಕೆ ಸುಲಭವಾಗಿ ದುಡ್ಡು ಕೊಡುವುದೇ ಹಣ ಚಲಾವಣೆ ಯೋಜನೆ. ಹೆಸರಲ್ಲಿ ಚಿಟ್ ಇದೆಯೆಂದು ನೋಂದಾಯಿತ ಚೀಟಿಗೂ ಇದಕ್ಕೂ ಗಂಟು ಹಾಕಬೇಡಿ. ಅದಕ್ಕೆ 1982ರ ಬೇರೆ ಕಾಯ್ದೆ ಇದೆ, ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. 1978ರ ಕಾಯ್ದೆಯಲ್ಲಿ ಶಿಕ್ಷೆ ಮೂರು ವರ್ಷದವರೆಗೆ ಜೈಲು, 5,000 ರೂ.ವರೆಗೆ ದಂಡ. (ಐದು ಸಾವಿರ! ಅದಕ್ಕಿಂತ ಜಾಸ್ತಿ ಒಂದು ಸ್ಟಾರ್ಟರ್ ಕಿಟ್ಟಿಗೇ ತೆಗೆದುಕೊಳ್ಳುವವರಿದ್ದಾರೆ.) ಕಂಪನಿಯ ಮಾಲೀಕರಷ್ಟೇ ಅಲ್ಲ, ಸದಸ್ಯರನ್ನು ಸೇರಿಸಿದವರು, ಭಾಗವಹಿಸಿದವರು, ದುಡ್ಡು ಪಡೆದವರು, ಕಳಿಸಿದವರೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಚಿಕ್ಕಪ್ಪನ ಮಗನನ್ನು ಸೇರಿಸುವ ಮೊದಲು ಇದು ಗೊತ್ತಿರಬೇಕು.

2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಯನ್ನು ಸ್ಪಷ್ಟವಾಗಿ ನಿಷೇಧಿಸಿವೆ, ಪ್ರವೇಶ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂದಿವೆ. ಅದಕ್ಕೇ ಈಗ "ಜಾಯ್ನಿಂಗ್ ಫ್ರೀ" ಎನ್ನುತ್ತಾರೆ. ಸೇರುವುದೇನೋ ಫ್ರೀ, ಐಡಿ ಆಕ್ಟಿವ್ ಆಗಬೇಕಾದರೆ ಮೊದಲ ಖರೀದಿ ಆಗಬೇಕು. ಬಾಗಿಲ ಶುಲ್ಕ ಸಾಮಾನಿನ ಬಿಲ್ಲಾಗಿ ಬಂತು, ಅಷ್ಟೇ.

ಇನ್ನು ಕೋಚಿಂಗ್. ಚೈನ್ ಬಿಸಿನೆಸ್ಸಿನ ಹಿರಿಯ ಅಪ್‌ಲೈನ್‌ಗಳಲ್ಲಿ ಹಲವರ ಆದಾಯದ ದೊಡ್ಡ ಪಾಲು ಸೋಪಿನಿಂದ ಬರುವುದಿಲ್ಲ. ಸೆಮಿನಾರ್ ಟಿಕೆಟ್, ಟ್ರೇನಿಂಗ್, ಆಡಿಯೋಗಳಿಂದ ಬರುತ್ತದೆ. ಅದರಿಂದ ಸೋಪನ್ನು ತೆಗೆದುಬಿಟ್ಟರೆ ಉಳಿಯುವುದು ಇನ್‌ಸ್ಟಾಗ್ರಾಮಿನ 99 ರೂಪಾಯಿ ವೆಬಿನಾರ್.

ಆ 99 ರೂಪಾಯಿಯಿಂದ ಕೋಚ್‌ಗೆ ಲಾಭವಿಲ್ಲ. ಒಂದು ಅಂದಾಜು ಹಾಕೋಣ. ಸಾವಿರ ಜನ ನೋಂದಾಯಿಸಿದರೆ 99,000 ರೂ. ಒಬ್ಬೊಬ್ಬರನ್ನು ತರಲು ಜಾಹೀರಾತಿಗೆ 150 ರೂ. ಹಿಡಿದರೆ ಖರ್ಚು 1,50,000. ಅಲ್ಲಿಗೆ 51,000 ಕೈಯಿಂದಲೇ ಹೋಯಿತು. ಸಾವಿರದಲ್ಲಿ ಒಂಬತ್ತೇ ಜನ 29,999ರ ಕೋರ್ಸ್ ಕೊಂಡರೂ 2,69,991 ಬರುತ್ತದೆ. 99 ರೂಪಾಯಿ ಇರುವುದು ಕಾರ್ಡ್ ತೆಗೆಯುವವರು ಯಾರು ಎಂದು ಜರಡಿ ಹಿಡಿಯಲು. ಜರಡಿಯಲ್ಲಿ ಉಳಿದವರಿಗೆ ಡಿಸ್ಕವರಿ ಕಾಲ್ ಎಂಬ ಫೋನ್ ಕರೆ ಬರುತ್ತದೆ. ಆ ಕಡೆ ಮಾತಾಡುವವರು ಬಹುಪಾಲು ಕಮಿಷನ್ ಮೇಲೆ ಕೆಲಸ ಮಾಡುವ ಕ್ಲೋಸರ್, ಅಂದರೆ ಮಾರಾಟ ಕುದುರಿಸುವವರು. "ನಿಮ್ಮ ಕಷ್ಟ ಹೇಳಿಕೊಳ್ಳಿ" ಎಂದು ಮೊದಲ ಇಪ್ಪತ್ತು ನಿಮಿಷ ಕೇಳಿಸಿಕೊಂಡದ್ದನ್ನೇ ಕೊನೆಯ ಹತ್ತು ನಿಮಿಷ ನಿಮ್ಮ ಮೇಲೆ ತಿರುಗಿಸುತ್ತಾರೆ.

ವೆಬಿನಾರ್ ಪುಟದ ಮೇಲೆ "ಆಫರ್ ಮುಗಿಯುತ್ತಿದೆ" ಎಂದು ಓಡುವ ಗಡಿಯಾರವನ್ನು ಪರೀಕ್ಷಿಸುವುದು ಸುಲಭ: ಅದೇ ಲಿಂಕನ್ನು ಬ್ರೌಸರಿನ ಇನ್‌ಕಾಗ್ನಿಟೋ (ಖಾಸಗಿ) ಕಿಟಕಿಯಲ್ಲಿ ತೆರೆಯಿರಿ. ಮತ್ತೆ 15 ನಿಮಿಷದಿಂದ ಶುರುವಾದರೆ ಅದು ಗಡಿಯಾರವಲ್ಲ, ಗೋಡೆಗೆ ಅಂಟಿಸಿದ ಚಿತ್ರ. 2023ರ ನವೆಂಬರಿನ ಕೇಂದ್ರದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ವಿನ್ಯಾಸ) ಮಾರ್ಗಸೂಚಿ ಪಟ್ಟಿ ಮಾಡಿದ 13 ಮೋಸಗಳಲ್ಲಿ ಸುಳ್ಳು ಅವಸರವೂ ಒಂದು. ಲೈವ್ ಎಂದು ಹೇಳಿ ರೆಕಾರ್ಡಿಂಗ್ ಓಡಿಸುವವರೂ ಇದ್ದಾರೆ. ನಿನ್ನೆಯ ಮ್ಯಾಚ್ ಬಗ್ಗೆ ಚಾಟ್‌ನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ. ಟೆಸ್ಟಿಮೋನಿಯಲ್ ಕೊಟ್ಟವರ ಪ್ರೊಫೈಲ್ ತೆಗೆದರೆ ಅವರಲ್ಲಿ ಎಷ್ಟೋ ಜನ ಈಗ ಅದೇ ಕೋಚ್‌ನ ಅಫಿಲಿಯೇಟ್ (ಕಮಿಷನ್ನಿಗೆ ಗಿರಾಕಿ ತರುವವರು), ಇಲ್ಲವೇ ಅವರೂ ಕೋಚ್. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ. ಕೋರ್ಸುಗಳ ಮೆಟ್ಟಿಲಿನ ತುದಿಯಲ್ಲಿ ಮಾರಾಟಕ್ಕಿರುವುದೂ ಅದೇ: "ನೀವೂ ಸರ್ಟಿಫೈಡ್ ಕೋಚ್ ಆಗಿ." ಕೋಚ್‌ಗಳನ್ನು ತಯಾರಿಸುವ ಕೋಚ್‌ಗೆ ಹೊರಗಿನ ಗಿರಾಕಿಯ ಹಂಗಿಲ್ಲ.

ಲೈಫ್ ಕೋಚ್ ಎಂದು ಬೋರ್ಡ್ ಹಾಕಲು ಭಾರತದಲ್ಲಿ ಯಾವ ಪರವಾನಗಿಯೂ ಬೇಕಿಲ್ಲ. ಗಂಭೀರವಾಗಿ ಮಾಡುವವರು ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಖಾಸಗಿ ಸಂಸ್ಥೆಯ ಪ್ರಮಾಣಪತ್ರ ಪಡೆಯುತ್ತಾರೆ. ಅದರ ಮೊದಲ ಹಂತವಾದ ಎಸಿಸಿಗೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ. ಮುಂದಿನ ಹಂತವಾದ ಪಿಸಿಸಿಗೆ 125 ಮತ್ತು 500. ವಾರಾಂತ್ಯದ ಸರ್ಟಿಫಿಕೇಟನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಷ್ಟಾದರೂ ಇದು ಚಿಕಿತ್ಸೆಯ ಅರ್ಹತೆಯಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್ ಮಾಡಿ ಬಂದವರು ಸೈಕಾಲಜಿಯ ಸ್ನಾತಕೋತ್ತರ ಪದವಿ ಆದ ಮೇಲೆ ಎರಡು ವರ್ಷ ಕಲಿತವರು. ಅಂಥವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ಪರಿಶೀಲಿಸಬಹುದು. ಎರಡು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎನ್ನುವವರಿಗೆ ಬೇಕಾದದ್ದು ಮೈಂಡ್‌ಸೆಟ್ ಕೋರ್ಸಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ. ಒಂದು ಕಸುಬಿನಲ್ಲಿ ಪಳಗಿದವರು ಅದೇ ಕಸುಬಿನ ಬಗ್ಗೆ ಗಂಟೆಗಿಷ್ಟು ಎಂದು ಹೇಳಿಕೊಡುವುದರಲ್ಲಿ ತಪ್ಪೇನಿಲ್ಲ. ಅಂಥವರು ಗಡಿಯಾರ ಓಡಿಸುವುದಿಲ್ಲ.

ಕೋರ್ಸಿಗೆ ನೋ ಕಾಸ್ಟ್ ಇಎಂಐ ಎಂದರೆ ಅದು ನಿಮ್ಮ ಹೆಸರಿನ ಸಾಲ. ಕೋಚ್‌ಗೆ ಪೂರ್ತಿ ದುಡ್ಡು ಅಂದೇ ಹೋಗಿರುತ್ತದೆ, ನೀವು ಸಾಲ ಕೊಟ್ಟ ಕಂಪನಿಗೆ ಬಾಕಿದಾರರು. ಕ್ಲಾಸ್ ಸರಿಯಿಲ್ಲವೆಂದು ಆಟೋ ಡೆಬಿಟ್ ನಿಲ್ಲಿಸಿದರೆ ಬೌನ್ಸ್ ಚಾರ್ಜ್ ಬೀಳುತ್ತದೆ, ಸಿಬಿಲ್ ಸ್ಕೋರ್ ಇಳಿಯುತ್ತದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮದಲ್ಲಿ ಕೂಲಿಂಗ್ ಆಫ್, ಅಂದರೆ ದಂಡವಿಲ್ಲದೆ ಹಿಂದೆ ಸರಿಯುವ ಅವಧಿ ಇದೆ. ಎಷ್ಟು ದಿನ ಎಂದು ಸಾಲದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿ (ಷರತ್ತುಗಳ ಸಾರಪತ್ರ) ನೋಡಿ, ಫೋನಿನಲ್ಲಿ ಓಟಿಪಿ ಹೇಳಿದ ದಿನವೇ.

ಚೈನ್‌ನಿಂದ ಹೊರಬರುವವರು ಮೊದಲು ಗ್ರೂಪ್ ಬಿಡುವ ತಪ್ಪು ಮಾಡುತ್ತಾರೆ. ಬಿಡುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಒಪ್ಪಂದದ ಪ್ರತಿ, ಬಿಲ್ಲು, ಯುಪಿಐ ರೆಫರೆನ್ಸ್ ನಂಬರ್, ಆದಾಯದ ಭರವಸೆ ಇರುವ ಸ್ಲೈಡ್‌ಗಳ ಫೋಟೋ ಎತ್ತಿಡಿ. ನೇರ ಮಾರಾಟ ನಿಯಮದಲ್ಲೂ ಕೂಲಿಂಗ್ ಆಫ್ ಇದೆ, ಆ ಅವಧಿಯಲ್ಲಿ ದಂಡವಿಲ್ಲದೆ ಒಪ್ಪಂದ ರದ್ದು ಮಾಡಬಹುದು. ಅಪ್‌ಲೈನ್‌ಗೆ ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹೋಗಬೇಕು. ಸೀಲ್ ಒಡೆಯದ ಸಾಮಾನನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ದೂರು ಬಂದ 48 ಕೆಲಸದ ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಸಾಮಾನ್ಯವಾಗಿ ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಮೇಲೆ ಇ-ಜಾಗೃತಿ ಪೋರ್ಟಲಿನಲ್ಲಿ ಗ್ರಾಹಕ ಆಯೋಗಕ್ಕೆ ದೂರು. ನೀವು ಕೊಟ್ಟ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. ನೀವು ಗ್ರಾಹಕರಲ್ಲ, ವ್ಯಾಪಾರಿ ಎಂದು ಕಂಪನಿ ವಾದಿಸಬಹುದು. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕೆಂದು ಕೊಂಡದ್ದನ್ನು ಕಾಯ್ದೆ ಹೊರಗಿಟ್ಟಿಲ್ಲ ಎಂಬುದನ್ನು ದೂರಿನಲ್ಲೇ ಬರೆಯಿರಿ. ಹಣ ಚಲಾವಣೆಯ ಅನುಮಾನವಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಿ.

ನಿಮ್ಮ ಕೆಳಗೆ ಸೇರಿದವರಿಗೂ ಅದೇ ದಿನ ಫೋನ್ ಮಾಡಿ. ಅವರು ನಿಮಗಿಂತ ತಡವಾಗಿ ಸೇರಿದವರು. ಕೂಲಿಂಗ್ ಆಫ್ ಇನ್ನೂ ಮುಗಿದಿರದಿದ್ದರೆ ಅವರ ದುಡ್ಡು ನಿಮ್ಮದಕ್ಕಿಂತ ಸುಲಭವಾಗಿ ವಾಪಸ್ ಬರುತ್ತದೆ.