ಅಷ್ಟು ದೂರ ನಡೆಯೋ ಬದಲು ಸುಮ್ನೆ ದುಡ್ಡು ಕೇಳಬಾರದಾ?

ಮದುವೆ ಮನೆ, ಸಂತೆ, ಬ್ಯಾಂಕಿನ ಕ್ಯೂ, ಎಲ್ಲಿ ಹೋದರೂ ಇದೇ ಪ್ರಶ್ನೆ. ತಲೆಗೆ ಪೆಟ್ಟು ಬಿದ್ದವರ ಮನೆಗಳಿಗೆ ನೆರವು ಸೇರಿಸೋಕೆ ನಾನು ಮಡಿಕೇರಿಯಿಂದ ತಲಕಾವೇರಿಗೆ ಒಂದೇ ದಿನದಲ್ಲಿ ನಡೆಯುತ್ತೇನೆ. 48 ಕಿಲೋಮೀಟರ್. ಕೊನೆಯ ಎಂಟು ಕಿಲೋಮೀಟರ್ ಪೂರ್ತಿ ಏರು. ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸುಮ್ನೆ ಕೇಳಿಯೂ ನೋಡಿದ್ದೇನೆ. ಜನ ಕೊಡುತ್ತಾರೆ. ಕೊಡುವುದರಲ್ಲಿ ನಮ್ಮ ಕೊಡಗಿನವರು ಹಿಂದೆ ಬಿದ್ದವರಲ್ಲ. ಆದರೆ ಐನೂರು ಕೈಗಿಟ್ಟು, "ಅಯ್ಯೋ ಪಾಪ" ಅಂದು, ಮೆಣಸಿನ ರೇಟಿನ ಮಾತಿಗೆ ಹೋಗಿಬಿಡುತ್ತಾರೆ. ದುಡ್ಡು ಬಂತು, ಮಾತು ಅಲ್ಲಿಗೇ ಮುಗಿಯಿತು. ನನಗೆ ಆ ಮಾತು ಮುಂದುವರಿಯಬೇಕು.

ಚೆಟ್ಟಿಮಾನಿ ಹತ್ತಿರ ಆದದ್ದು ಹೇಳುತ್ತೇನೆ. ಒಂದು ಜೀಪು ಪಕ್ಕದಲ್ಲೇ ನಿಂತಿತು. "ಅಕ್ಕಾ, ಹತ್ತಿ. ಭಾಗಮಂಡಲಕ್ಕೆ ಬಿಡ್ತೇನೆ." ಬೇಡ ಅಂದೆ. ಜೀಪು ನನ್ನ ನಡಿಗೆಯ ವೇಗದಲ್ಲೇ ಬರತೊಡಗಿತು. "ದುಡ್ಡೇನೂ ಬೇಡ ಅಕ್ಕಾ, ಹತ್ತಿ." ಹಿಂದಿನ ಸೀಟಿನಲ್ಲಿದ್ದ ಅಜ್ಜಿಯೂ ಸರಿದು ಜಾಗ ಮಾಡಿಕೊಟ್ಟರು. ಕೊನೆಗೆ ಯಾಕೆ ನಡೆಯುತ್ತಿದ್ದೇನೆ ಅಂತ ಹೇಳಲೇಬೇಕಾಯಿತು. ಡ್ರೈವರ್ ಜೀಪನ್ನು ರಸ್ತೆ ಪಕ್ಕಕ್ಕೆ ಹಾಕಿ, ಕೆಳಗಿಳಿದು ನನ್ನ ಜೊತೆ ಹೆಜ್ಜೆ ಹಾಕಿದ. ಮರಕ್ಕೆ ಹಬ್ಬಿದ ಕರಿಮೆಣಸು ಕೊಯ್ಯುವಾಗ ಅವನ ಭಾವ ಏಣಿಯಿಂದ ಬಿದ್ದಿದ್ದರಂತೆ. ಆಸ್ಪತ್ರೆಯಲ್ಲಿ ಎಲ್ಲಾ ಸರಿಯಾಗಿದೆ ಅಂತ ಮನೆಗೆ ಕಳಿಸಿದರಂತೆ. ಆಮೇಲೆ ಸಣ್ಣ ಮಾತಿಗೂ ತಟ್ಟೆ ಎಸೆಯುತ್ತಾರೆ, ಮಕ್ಕಳ ಮೇಲೆ ಕೈ ಎತ್ತುತ್ತಾರೆ. "ಕುಡಿತ ಶುರುವಾಗಿದೆ ಅಂತ ಊರಲ್ಲಿ ಹೇಳ್ತಾರೆ. ಆದ್ರೆ ಅವರು ಕುಡಿಯೋದೇ ಇಲ್ಲ ಅಕ್ಕಾ."

ಸಿಟ್ಟನ್ನು ಹಿಡಿದಿಡುವ ಕೆಲಸದಲ್ಲಿ ಮೆದುಳಿನ ಮುಂಭಾಗದ ಪಾತ್ರ ದೊಡ್ಡದು. ಅಲ್ಲಿಗೆ ಪೆಟ್ಟಾದರೆ ಮನುಷ್ಯ ಹೀಗೂ ಆಗಬಹುದು, ಇದನ್ನ ಡಾಕ್ಟರ್ ಹತ್ತಿರ ಬಿಡಿಸಿ ಹೇಳಿ, ಸಹಾಯ ಇದೆ ಅಂದೆ. ಅವನು ತಿರುಗಿ ಜೀಪಿಗೆ ಓಡಿ, ಹೆಂಡತಿಗೆ ಅಲ್ಲಿಂದಲೇ ಫೋನ್ ಮಾಡಿದ. ನಾನು ಕಾರಿನಲ್ಲಿ ಹೋಗಿದ್ದರೆ ಅವನು ನನಗೆ ಸಿಗುತ್ತಿದ್ದನಾ? ರಸೀದಿ ಪುಸ್ತಕ ಹಿಡಿದು ಮನೆಗೇ ಹೋಗಿದ್ದರೂ ಇದನ್ನ ಹೇಳುತ್ತಿರಲಿಲ್ಲ. ಜೊತೆಗೆ ನಡೆಯುವವರ ಮುಖ ಎದುರಿಗಿರುವುದಿಲ್ಲ. ಮನೆಯ ಕಷ್ಟ ಹೇಳಿಕೊಳ್ಳುವವರಿಗೆ ಅದು ದೊಡ್ಡ ಅನುಕೂಲ.

ಮತ್ತೆ, ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಭಾಗಮಂಡಲದಿಂದ ತಲಕಾವೇರಿಗೆ ಎಷ್ಟೋ ಜನ ನಡೆದೇ ಹತ್ತುತ್ತಾರೆ. ಬಸ್ಸಿಲ್ವಾ ಅಂತ ಅವರನ್ನ ಯಾರೂ ಕೇಳುವುದಿಲ್ಲ. ಹರಕೆ ಹೊತ್ತು ನಡೆಯುವುದು ಏನು ಅಂತ ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ನನ್ನದೂ ಅದೇ ದಾರಿ.

ಎರಡನೆಯ ಪ್ರಶ್ನೆ ಇದಕ್ಕಿಂತ ಜಾಸ್ತಿ ನೋಯಿಸುತ್ತದೆ. "ನಿಮ್ಮ ಅಣ್ಣ ಈಗ ಆರಾಮಾಗಿದ್ದಾನಲ್ಲ, ಇನ್ನೂ ಯಾಕೆ?" ಅಣ್ಣ ಬಿದ್ದದ್ದೂ ಮೆಣಸಿನ ಏಣಿಯಿಂದಲೇ, ಸಿಲ್ವರ್ ಓಕ್ ಮರದ ಮೇಲಿಂದ. ಕೂದಲು ಬೆಳೆದು ಗಾಯ ಮುಚ್ಚಿದೆ. ನಡೆಯುತ್ತಾನೆ, ನಗುತ್ತಾನೆ. ಆದರೆ ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಎದ್ದು ಹೊರಗೆ ಹೋಗುತ್ತಾನೆ. ಅಷ್ಟು ಸದ್ದನ್ನು ಅವನ ತಲೆ ತಡೆಯುವುದಿಲ್ಲ. ಜನ ಅದನ್ನ ಜಂಬ ಅಂತಾರೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮೂಗಿನಿಂದ ಮೆದುಳಿಗೆ ವಾಸನೆ ಮುಟ್ಟಿಸುವ ಸಣ್ಣ ನರಗಳು ತಲೆ ಜೋರಾಗಿ ಅದುರಿದಾಗ ಹರಿಯಬಹುದು. ಅವನಿಗೆ ಹಾಗೇ ಆಗಿದೆ. ಬೇಸಿಗೆ ಮಳೆ ಬಿದ್ದು ತೋಟವೆಲ್ಲಾ ಕಾಫಿ ಹೂವು ಬಿಟ್ಟಾಗ ಅವನಿಗೆ ಬೆಳ್ಳಗೆ ಕಾಣುತ್ತದೆ, ಅಷ್ಟೇ. ಗ್ಯಾಸ್ ಸೋರಿದರೂ ವಾಸನೆ ಗೊತ್ತಾಗುವುದಿಲ್ಲ. ಹಾಗಾಗಿ ಅತ್ತಿಗೆ ಅವನೊಬ್ಬನನ್ನೇ ಮನೆಯಲ್ಲಿ ಬಿಟ್ಟು ಹೊರಡುವುದಿಲ್ಲ.

ನೀವು ಕೇಳಬೇಕಾದದ್ದು ಇದು: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನು ಗತಿ?

ಅಪಘಾತ ಆದ ತಕ್ಷಣದ ಹೊತ್ತಿಗೆ ನಮ್ಮಲ್ಲಿ ಒಂದಿಷ್ಟು ಯೋಚನೆ ನಡೆದಿದೆ. ರಸ್ತೆ ಅಪಘಾತದವರಿಗೆ ಮೊದಲ 48 ಗಂಟೆ ₹25,000ದವರೆಗೆ ಉಚಿತ ಚಿಕಿತ್ಸೆ ಅಂತ 2016ರಲ್ಲಿ ನಮ್ಮ ರಾಜ್ಯ ಹರೀಶ್ ಸಾಂತ್ವನ ಯೋಜನೆ ತಂದಿತು. ಒಳ್ಳೆಯ ಕೆಲಸ. ಆದರೆ ಪೆಟ್ಟು ಬಿದ್ದ ಮೆದುಳು ಸುಧಾರಿಸೋಕೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಮಾತು ಹೋದವರಿಗೆ ಸ್ಪೀಚ್ ಥೆರಪಿ ಒಂದು ಸಲ ಮಾಡಿಸಿದರೆ ಸಾಲದು. ಫಿಟ್ಸ್ ಮಾತ್ರೆ ಡಾಕ್ಟರ್ ಹೇಳದೆ ನಿಲ್ಲಿಸುವ ಹಾಗಿಲ್ಲ. ನಿಮ್ಹಾನ್ಸ್‌ಗೆ ಹೋಗಬೇಕಾದರೆ ಬೆಂಗಳೂರು ಇಲ್ಲಿಂದ ಸುಮಾರು 250 ಕಿಲೋಮೀಟರ್. ಜೊತೆಗೆ ಒಬ್ಬರು ಹೋಗಲೇಬೇಕು. ಪೆಟ್ಟು ಒಬ್ಬರಿಗೆ, ಕೂಲಿ ಹೋಗುವುದು ಇಬ್ಬರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ತಲೆ ಪೆಟ್ಟಿಗೆ ಅಂತ ಅದರಲ್ಲಿ ಬೇರೆ ಹೆಸರಿಲ್ಲ. ಸರ್ಟಿಫಿಕೇಟ್ ಬೇಕಾದರೆ ಕೈಕಾಲಿನದೋ ಮಾತಿನದೋ ತೊಂದರೆ ಅಂತ ಬೇರೆ ಹೆಸರಿನಡಿ ಹೋಗಬೇಕು. ಮರೆವು, ಸಿಟ್ಟು, ಸುಸ್ತು ಮಾತ್ರ ಇರುವವರು ಏನು ತೋರಿಸಬೇಕು?

ನಡಿಗೆಯಿಂದ ಸೇರಿದ ದುಡ್ಡು ಇಂಥ ಮನೆಗಳವರ ಬಸ್ ಚಾರ್ಜಿಗೆ, ಮಾತ್ರೆಗೆ, ಥೆರಪಿಗೆ, ಜೊತೆಗೆ ಹೋದವರ ಕೂಲಿಗೆ ಹೋಗುತ್ತದೆ. ಲೆಕ್ಕ ಬರೆದಿಟ್ಟಿದ್ದೇವೆ, ಯಾರು ಬೇಕಾದರೂ ಬಂದು ನೋಡಬಹುದು.

ಮುಂದಿನ ನಡಿಗೆ ಮಳೆಗಾಲ ಕಳೆದ ಮೇಲೆ. ಪ್ರಶ್ನೆ ಇನ್ನೂ ಉಳಿದಿದ್ದರೆ ಬೆಳಗಿನ ಜಾವ ಮಡಿಕೇರಿಗೆ ಬಂದು ಜೊತೆಗೆ ಹೊರಡಿ. ತಲಕಾವೇರಿವರೆಗೂ ಬರಬೇಕು ಅಂತೇನಿಲ್ಲ. ಸುಸ್ತಾದ ಕಡೆ ಬಸ್ಸಿಗೆ ಕೈ ಅಡ್ಡ ಹಾಕಿ ವಾಪಸ್ ಹೋಗಿ. ಬರೋಕೇ ಆಗಲ್ಲ ಅಂದರೆ ನಿಮ್ಮೂರಲ್ಲಿ ಇಂಥ ಮನೆ ಇದ್ದರೆ ಒಂದು ಸಂತೆ ದಿನ ಅಲ್ಲಿ ಹೋಗಿ ಎರಡು ಗಂಟೆ ಕೂತುಕೊಳ್ಳಿ. ಆ ಮನೆಯ ಹೆಂಗಸು ಸಂತೆಗೆ ಹೋಗಿ ಬರಲಿ.