168 ಬೈಟಿನೊಳಗಿನ ಕನ್ನಡ

ಹೋದ ತಿಂಗಳು ಪುಣೆಯ ಕೋಥ್ರೂಡಿನ ಒಂದು ಮನೆಯಿಂದ ಮೂರು ಸಾಮಾನು ತಂದೆ: ಒಂದು ಕಂಪ್ಯೂಟರು, ಅದರ ವೈರುಗಳು, ಬೂಟಿನ ಡಬ್ಬಿ ತುಂಬ ದಾಸರ ಪದಗಳ ಕ್ಯಾಸೆಟ್ಟು. ಕಂಪ್ಯೂಟರು ಕಾಕಾ ತಾವಾಗಿಯೇ ಕೊಟ್ಟದ್ದು. ಕ್ಯಾಸೆಟ್ಟು ನಾನು ಕಾಡಿ ಬೇಡಿ ಇಸಕೊಂಡದ್ದು.

ಕಾಕಾ ನನ್ನ ಸ್ವಂತ ಕಾಕಾ ಅಲ್ಲ. ಗದಗಿನ ಕಡೆಯವರು, ಕಾರ್ಖಾನೆ ಕೆಲಸಕ್ಕೆಂದು ಪುಣೆಗೆ ಬಂದು ಇಲ್ಲಿಯವರೇ ಆದವರು. ನಮ್ಮ ಸೊಸೈಟಿಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದದ ದ್ರೋಣ ಹಿಡಿದು ನನ್ನ ಪಕ್ಕ ಕೂತವರು, "ನಿನಗ ಹಳೇ ಕಂಪ್ಯೂಟರಿನ ಹುಚ್ಚಂತಲ್ಲ? ನಮ್ಮ ಲಾಫ್ಟಿನಾಗ ಒಂದು ಅದ ನೋಡವಾ" ಅಂದರು. ಮರುದಿನ ಬೆಳಿಗ್ಗೆ ಎಂಟಕ್ಕೇ ಅವರ ಬಾಗಿಲ ಮುಂದೆ ನಿಂತಿದ್ದೆ.

ಲಾಫ್ಟಿನಿಂದ ಇಳಿದದ್ದು ಡಿಬಿ ಸ್ಪೆಕ್ಟ್ರಮ್ ಪ್ಲಸ್. ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬ್ರಿಟನ್ನಿನಲ್ಲಿ ಬಂದದ್ದು 1982ರ ಏಪ್ರಿಲ್‌ನಲ್ಲಿ. ಅದೇ ಬೋರ್ಡಿಗೆ ಗಟ್ಟಿ ಕೀಲಿಗಳ ಹೊಸ ಪೆಟ್ಟಿಗೆ ತೊಡಿಸಿ 1984ರಲ್ಲಿ ಪ್ಲಸ್ ಮಾಡಿದರು. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಲೈಸೆನ್ಸ್ ಪಡೆದು ಅದನ್ನು ನಮ್ಮ ದೇಶದಲ್ಲೇ ಜೋಡಿಸಿ ಮಾರಿತು. ಬ್ರಿಟನ್ನಿನ ಸ್ಪೆಕ್ಟ್ರಮ್ ಬಗ್ಗೆ ಸ್ಕ್ರೂ ಸ್ಕ್ರೂಗೂ ಮಾಹಿತಿ ಸಿಗುತ್ತದೆ. ನಮ್ಮದರ ಬಗ್ಗೆ ತಿಳಿಯಬೇಕಾದರೆ ಹೀಗೆ ಮನೆಮನೆಯ ಲಾಫ್ಟಿಗೇ ಕೈ ಹಾಕಬೇಕು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಬ್ರಿಟನ್ನಿನದೇ ಇನ್ನೊಂದು ಕಂಪ್ಯೂಟರಾದ ಬಿಬಿಸಿ ಮೈಕ್ರೋವನ್ನು ಯೂನಿಕಾರ್ನ್ ಹೆಸರಿನಲ್ಲಿ ತಯಾರಿಸಿತ್ತು. ಬುಧವಾರ, ರವಿವಾರ ಪುಣೆಯ ಹಳೇ ಸಾಮಾನಿನ ಸಂತೆ ಜೂನಾ ಬಜಾರಿನಲ್ಲಿ ಅದಕ್ಕಾಗಿ ಎಷ್ಟು ಸಲ ತಿರುಗಿದ್ದೇನೋ! ಒಂದೂ ಸಿಕ್ಕಿಲ್ಲ.

ಕಾಕಾನ ಯಂತ್ರಕ್ಕೆ ನಾನು ತಕ್ಷಣ ಕರೆಂಟು ಕೊಡಲಿಲ್ಲ. ನನ್ನ ಮೊದಲ ಸ್ಪೆಕ್ಟ್ರಮ್ಮನ್ನು ನಾನೇ ಸುಟ್ಟವಳು. ಅದರ 9 ವೋಲ್ಟಿನ ಅಡಾಪ್ಟರಿನಲ್ಲಿ ಪಿನ್ನಿನ ನಡುಭಾಗ ಮೈನಸ್ಸು, ಈಗಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುಭಾಗವೇ ಪ್ಲಸ್ಸು. ಕೈಗೆ ಸಿಕ್ಕಿದ್ದನ್ನು ಚುಚ್ಚಿದೆ, ಒಳಗಿನ ಟ್ರಾನ್ಸಿಸ್ಟರು ಹೋಯಿತು, ಅದರ ಹಿಂದೆ ಮೆಮೊರಿ ಚಿಪ್ಪುಗಳೂ ಹೋದವು. ಆ ದಿನದ ಸಂಕಟ ಇನ್ನೂ ಮರೆತಿಲ್ಲ. ಈಗ ಮೊದಲು ಪೆಟ್ಟಿಗೆ ಬಿಚ್ಚುತ್ತೇನೆ, ಕೆಪಾಸಿಟರು ಬದಲಿಸುತ್ತೇನೆ, ಮೀಟರು ಹಿಡಿದು ನೋಡಿ ಆಮೇಲೆ ಸ್ವಿಚ್ಚು. ಪಸೋಡ್ಯಾ ವಿಠೋಬಾ ಗುಡಿಯ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಎರಡು ಸಲ ಓಡಾಡಿದ ಮೇಲೆ ಕಾಕಾನ ಯಂತ್ರ ಎದ್ದಿತು. ಆದರೆ ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಒಣಗಿ ಬಿರುಕು ಬಿಟ್ಟಿತ್ತು. ಈ ಮಾದರಿಯಲ್ಲಿ ಅದು ಇಂದಲ್ಲ ನಾಳೆ ಬಿಡಲೇಬೇಕು. ಹೊಸದು ಹಾಕಿದೆ.

ಯಂತ್ರ ಎದ್ದಿತು ಸರಿ, ಆದರೆ ಖಾಲಿ ಯಂತ್ರ. ಆಟಗಳೆಲ್ಲ ಎಲ್ಲೆಂದರಲ್ಲಿ ಸಿಗುತ್ತವೆ. ನನಗೆ ಬೇಕಾಗಿದ್ದದ್ದು ಈ ಮನೆಯವರು ಇದರ ಮೇಲೆ ಏನು ಮಾಡಿದರು ಅನ್ನುವುದು. "ಏನೇನೋ ಪ್ರೋಗ್ರಾಮ್ ಬರೀತಿದ್ದೆ, ಕ್ಯಾಸೆಟ್ ಎಲ್ಲಾ ಹೋದ್ವು" ಅಂದಿದ್ದರು ಕಾಕಾ. ಈ ಯಂತ್ರದ ಪ್ರೋಗ್ರಾಮುಗಳನ್ನು ಹಾಡಿನ ಕ್ಯಾಸೆಟ್ಟಿನಂಥದ್ದರಲ್ಲೇ ಸದ್ದಿನ ರೂಪದಲ್ಲಿ ಉಳಿಸುತ್ತಿದ್ದರು. ಶೋಕೇಸಿನಲ್ಲಿದ್ದ ಡಬ್ಬಿ ಕಣ್ಣಿಗೆ ಬಿದ್ದದ್ದು ಆಗಲೇ. "ಅವು ನನ್ನ ದಾಸರ ಪದ, ಅವನ್ನ ಮುಟ್ಟಬ್ಯಾಡ" ಅಂದರು ಕಾಕಾನ ಹೆಂಡತಿ, ಕಾಕು. ಹಾಡು ಒಂದೂ ಅಳಿಯದ ಹಾಗೆ ನೋಡಿಕೊಳ್ಳುತ್ತೇನೆ, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ ಎಂದು ಒಪ್ಪಿಸಿದೆ.

ಮನೆಗೆ ಬಂದು ಮೊದಲು ನೋಡಿದ್ದು ಕ್ಯಾಸೆಟ್ಟಿನ ಬೆನ್ನು. ಹಾಡು ತುಂಬಿದ ಕ್ಯಾಸೆಟ್ಟು ಕೊಂಡರೆ ಬೆನ್ನಿನ ಎರಡೂ ಮೂಲೆಗೆ ಕಿಂಡಿ ಇರುತ್ತದೆ, ಅದರ ಮೇಲೆ ಬೇರೆ ಏನೂ ರೆಕಾರ್ಡ್ ಆಗದಿರಲಿ ಅಂತ. ಮಾಡಲೇಬೇಕು ಅಂದರೆ ಕಿಂಡಿಗೆ ಏನಾದರೂ ಅಂಟಿಸಬೇಕು. ಹದಿನೇಳು ಕ್ಯಾಸೆಟ್ಟಿನಲ್ಲಿ ಒಂದಕ್ಕೆ ಮಾತ್ರ, ಒಂದೇ ಮೂಲೆಯಲ್ಲಿ, ಹಳದಿಗಟ್ಟಿದ ಸೆಲ್ಲೋಟೇಪಿನ ತುಂಡು. ಎದೆ ಹೊಡೆದುಕೊಂಡಿತು.

ಬಿ ಬದಿ ಹಾಕಿದೆ. ಪುರಂದರದಾಸರದೊಂದು ಪದ ಅರ್ಧಕ್ಕೇ ಕಡಿಯಿತು. ಸ್ವಲ್ಪ ಮೌನ. ಆಮೇಲೆ ಐದು ಸೆಕೆಂಡು ಒಂದೇ ಸಮನೆ ಕೊಳಲಿನಂಥ ಸದ್ದು, ಅದರ ಬೆನ್ನಿಗೆ ಕರ್ರ್ ಅಂತ ಚಿಕ್ಕದೊಂದು ತುಣುಕು. ಸ್ಪೆಕ್ಟ್ರಮ್ ಬಳಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ ಓಡುತ್ತವಲ್ಲ, ಅದು ಆ ಕೊಳಲಿನ ಹೊತ್ತಿನಲ್ಲಿ. ನೀಲಿ-ಹಳದಿ ಬಂದರೆ ಡೇಟಾ ಬರುತ್ತಿದೆ ಅಂತ.

ಯಂತ್ರ ಮೊದಲ ಭಾಗವನ್ನು ಓದಲಿಲ್ಲ, ಟೇಪ್ ಲೋಡಿಂಗ್ ಎರರ್ ಅಂತ ನಿಂತಿತು. ಡೆಕ್ಕಿನಲ್ಲಿ ಟೇಪು ಓದುವ ಹೆಡ್ಡು ಟೇಪಿಗೆ ಕೂದಲೆಳೆಯಷ್ಟು ಓರೆಯಾದರೂ ಸದ್ದು ಮಂಕಾಗುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ತಿರುಗಿಸುತ್ತ, ಸದ್ದು ಎಲ್ಲಿ ಅತಿ ಚೂಪಾಗುತ್ತದೋ ಅಲ್ಲಿ ನಿಲ್ಲಿಸಿ, ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿದೆ. ಮೂರು ರಾತ್ರಿ ಕೂತೆ. ಬೇಸಿಕ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ನಡುವೆ ಸುಕ್ಕಾದ ಟೇಪಿನಿಂದಾಗಿ ಈಗಲೂ ಪೂರ್ತಿ ಬಂದಿಲ್ಲ. ಅದರ ನಂತರದ ತುಂಡು ಮಾತ್ರ ಲೆಕ್ಕ ತಪ್ಪದೆ ಬಂತು. ಉದ್ದ 168 ಬೈಟು, ಮೆಮೊರಿಯಲ್ಲಿ ಶುರುವಾಗುವ ಜಾಗ 65368.

ಆ ಎರಡು ಸಂಖ್ಯೆ ಓದಿದ್ದೇ ಅರ್ಥವಾಯಿತು. 48ಕೆ, ಅಂದರೆ 48 ಕಿಲೋಬೈಟ್ ಮೆಮೊರಿಯ, ಸ್ಪೆಕ್ಟ್ರಮ್ಮಿನಲ್ಲಿ 65368ರಿಂದ ಮೆಮೊರಿಯ ಕೊನೆಯವರೆಗಿನ ಜಾಗ ನಾವೇ ಬರೆದುಕೊಳ್ಳುವ ಚಿತ್ರಾಕ್ಷರಗಳಿಗೆ ಮೀಸಲು. ಒಂದೊಂದು ಚಿತ್ರ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ, ಅಂದರೆ ಎಂಟು ಬೈಟು. ಒಟ್ಟು ಇಪ್ಪತ್ತೊಂದು ಚಿತ್ರ. ಯಾರೋ ಇಪ್ಪತ್ತೊಂದು ಚಿತ್ರ ಬರೆದು ಕಾಪಿಟ್ಟಿದ್ದರು, ಟೇಪಿನ ಮೇಲೆ ಸುಮಾರು ಒಂದು ಸೆಕೆಂಡಿನ ಡೇಟಾದಲ್ಲಿ.

ಮಗನ ಗ್ರಾಫ್ ಹಾಳೆ ತೆಗೆದುಕೊಂಡು ಪೆನ್ಸಿಲಿನಿಂದ ಮನೆ ತುಂಬುತ್ತ ಹೋದೆ. ಮೊದಲನೆಯದು ಮುಗಿದಾಗ ಹಾಳೆಯ ಮೇಲೆ ರ ಇತ್ತು. ಎರಡನೆಯದು ಗ. ಆಮೇಲೆ ಸ, ದ, ಅ. ಗರಗಸ, ಅರಸ, ಸರ! ತಲಕಟ್ಟು ಇದ್ದವಕ್ಕೆಲ್ಲ ಅದು ಮೇಲಿಂದ ಎರಡನೆಯ ಸಾಲಿನಲ್ಲೇ, ಅಳೆದಿಟ್ಟ ಹಾಗೆ. ಎಂಟು ಚುಕ್ಕಿಯ ಅಗಲದಲ್ಲಿ ಮ, ಯ ಹಿಡಿಸುವುದಿಲ್ಲ. ಹಾಗಾಗಿ ಬಲಕ್ಕೆ ಸುತ್ತಿಕೊಳ್ಳುವ ಬಾಲವನ್ನೇ ಬೇರೆ ಮನೆಯಲ್ಲಿ ಇಟ್ಟಿದ್ದರು. ವ ಬರೆದು ಬಾಲ ಹಚ್ಚಿದರೆ ಮ. ಅದೇ ಬಾಲ ಯಗೂ ಆಗುತ್ತದೆ, ಕೊಂಬಿಗೂ ಆಗುತ್ತದೆ. ಕನ್ನಡದ ಕೈಬರಹ ಬಲ್ಲವರಿಗೆ ಮಾತ್ರ ಹೊಳೆಯುವ ಉಳಿತಾಯ ಇದು. ರಾತ್ರಿ ಒಂದೂವರೆಗೆ ಇದನ್ನು ಯಾರಿಗೆ ತೋರಿಸಲಿ ಅಂತ ತಿಳಿಯದೆ ಒಬ್ಬಳೇ ಅಡುಗೆಮನೆಯಲ್ಲಿ ಓಡಾಡಿದೆ.

ರವಿವಾರ ಹಾಳೆ, ಪೆನ್‌ಡ್ರೈವು ಎರಡನ್ನೂ ತೆಗೆದುಕೊಂಡು ಹೋದೆ. ಕಾಕಾ ಚಾಳೀಸು ಏರಿಸಿ ತುಂಬ ಹೊತ್ತು ನೋಡಿದರು. "ಇದು ನಾನ ಬರದದ್ದು. ಮಗಳ ಸಾಲ್ಯಾಗ ಬರೇ ಮರಾಠಿ, ಇಂಗ್ಲಿಷು. ಕನ್ನಡ ಹೆಂಗ ಕಲಸೂದು ಅಂತ ಮಾಡಿದ್ದೆ."

"ಮಹಾಪ್ರಾಣ ಒಂದೂ ಇಲ್ಲಲ್ಲ ಕಾಕಾ? ಜಾಗ ಸಾಲಲಿಲ್ಲೇನು?"

"ಯಾಕಿಲ್ಲ? ಅದಕ್ಯಾಕ ಬ್ಯಾರೆ ಮನಿ?" ಅಂದು ನನ್ನ ಪೆನ್ಸಿಲು ತೆಗೆದುಕೊಂಡು ದ ಅಕ್ಷರದ ಕೆಳಗಿನ ಸಾಲಿನಲ್ಲಿ ಒಂದು ಚುಕ್ಕಿ ಹಾಕಿದರು. "ಒಂದ ಪೋಕ್ ಮಾಡಿದ್ರ ಹೊಟ್ಟಿ ಸೀಳತಿತ್ತು. ಧ ಛಾಪಿಸೂದು, ಮತ್ತ ಪೋಕ್ ಮಾಡಿ ದ ಮಾಡೂದು. ಪರದೇಕ್ಕ ಒಮ್ಮೆ ಬಂದದ್ದು ಬದಲಾಗೂದಿಲ್ಲಲ್ಲ." ಪೋಕ್ ಅಂದರೆ ಮೆಮೊರಿಯ ಒಂದು ಬೈಟನ್ನು ನೇರವಾಗಿ ಬದಲಿಸುವ ಆಜ್ಞೆ. ಪ, ಡ ಎರಡಕ್ಕೂ ಹಾಗೆಯೇ ಚುಕ್ಕಿ ಹಾಕಿ ತೋರಿಸಿದರು. ಆ ಪೋಕುಗಳೆಲ್ಲ ಇರುವುದು ಇನ್ನೂ ಓದಲಾಗದ ಬೇಸಿಕ್ ಭಾಗದಲ್ಲಿ. ಇವತ್ತು ರಾತ್ರಿ ಬೇರೆ ಡೆಕ್ಕಿನಲ್ಲಿ ಹಾಕಿ ನೋಡುತ್ತೇನೆ.