ಲಾಗ್‌ಔಟ್ ಒತ್ತಿದರೂ ಹೋಗದ ಕುಕಿ

ಮಧ್ಯಾಹ್ನದಿಂದ ಇದೇ ತಲೆನೋವು. ಲಾಗ್‌ಔಟ್ ಒತ್ತಿದರೂ ಬಳಕೆದಾರರು ಒಳಗೇ ಇರ್ತಾರೆ. ಯಾರು ಲಾಗಿನ್ ಆಗಿದ್ದಾರೆ ಅಂತ ಗುರುತಿಸೋಕೆ ಬ್ರೌಸರ್‌ನಲ್ಲಿ ಇಡೋ ಸಣ್ಣ ಮಾಹಿತಿಯೇ ಕುಕಿ. ಅದನ್ನು ಅಳಿಸೋಕೆ ಸರ್ವರ್‌ನ ಕೋಡ್ ಭಾಷೆ ಪಿಎಚ್‌ಪಿಯಲ್ಲಿ ಸೆಟ್‌ಕುಕಿ ಅನ್ನೋ ಆದೇಶ ಬರೆದು, ಅವಧಿ ಮುಗಿದಂತಾಗಲಿ ಅಂತ ಅದನ್ನು ಒಂದು ಗಂಟೆ ಹಿಂದಕ್ಕೆ ಹಾಕಿದ್ದೆ, ಅದೆಲ್ಲ ಸರಿಯಾಗೇ ಇತ್ತು. ಕೊನೆಗೆ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ನೋಡಿದರೆ, ಕುಕಿಯ ಪಾತ್ (ಸೈಟಿನ ಯಾವ ಭಾಗಕ್ಕೆ ಅದು ಅನ್ವಯ ಅನ್ನೋದು) ಜಾಗದಲ್ಲಿ ಬರೀ ಒಂದು ಓರೆಗೆರೆ, ಅಂದರೆ ಇಡೀ ಸೈಟಿಗೆ. ಅಳಿಸುವಾಗ ನಾನು ಪಾತ್ ಕೊಟ್ಟೇ ಇರಲಿಲ್ಲ, ಲಾಗ್‌ಔಟ್ ಪುಟ ಇದ್ದ ಫೋಲ್ಡರೇ ಪಾತ್ ಆಗಿಬಿಟ್ಟಿತ್ತು. ಹೆಸರು ಒಂದೇ ಆದರೂ ಪಾತ್ ಬೇರೆಯಾದರೆ ಬ್ರೌಸರ್‌ಗೆ ಅದು ಬೇರೆಯೇ ಕುಕಿ. ಓರೆಗೆರೆ ಸೇರಿಸಿದೆ, ಸರಿಹೋಯ್ತು.

ಸರ್ವರ್ ತಾನೇ ಕುಕಿ ಅಳಿಸಲ್ಲ, ಅಳಿಸು ಅಂತ ಬ್ರೌಸರನ್ನು ಕೇಳಿಕೊಳ್ಳುತ್ತೆ ಅಷ್ಟೆ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿ, ಲಾಗ್‌ಔಟ್ ಒತ್ತಿ ಎದ್ದುಹೋದವರ ಕುರ್ಚಿಯಲ್ಲಿ ಮರುಗಳಿಗೆಗೇ ಇನ್ನೊಬ್ಬರು ಕೂತಿರ್ತಾರೆ. ಅದು ನೆನಪಾಗಿ ಎದೆ ಧಸಕ್ಕಂತು. ಸೆಷನ್ನನ್ನು, ಅಂದರೆ ಆ ಲಾಗಿನ್ನಿನ ದಾಖಲೆಯನ್ನು, ಸರ್ವರ್‌ನಲ್ಲೂ ಅಳಿಸೋ ಸಾಲು ಈಗಲೇ ಬರೀತಿದ್ದೀನಿ.